ಗುರಿ ಹಿಡಿಯುವ ವಿದ್ಯೆ ನಮ್ಮದಲ್ಲವೇ?



2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಆ ಸುದ್ದಿ ಓದಿ ಹೇಳಿದೆವು. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿ ಎಂಬ ಸಣ್ಣ ಊರಿನ ಹುಡುಗ, ತಂದೆ ನಮ್ಮ ಹಾಗೆಯೇ ಮೇಷ್ಟ್ರು ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ತರಗತಿಗೆ ಬಂದ ಮೇಲೆ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಜಾತ್ರ್ಯಾಗ ಪುಗ್ಗಾ ಹೊಡಿತೀವಲ್ರಿ, ಅದೂ ಇದೂ ಒಂದೇ ಏನ್ರಿ? ನನಗೂ ಕಲಿಯಾಕ ಬರ್ತದೇನ್ರಿ?"

ಮೊದಲ ಪ್ರಶ್ನೆಗೆ ಉತ್ತರ ನಮಗೆ ಗೊತ್ತಿತ್ತು. ಎರಡನೆಯದಕ್ಕೆ ಅವಳ ಅಪ್ಪನನ್ನು ಕೇಳಬೇಕಿತ್ತು. ಶನಿವಾರ ಶಾಲೆಗೆ ಬಂದ ಅವರು ನಿಂತುಕೊಂಡೇ ಮಾತು ಮುಗಿಸಿದರು: "ಬಂದೂಕು ಅಂದ್ರ ಒಂದು ಸಾಹೇಬರದು, ಇಲ್ಲಾ ಕಳ್ಳರದು ರೀ ಸರ್. ನಮ್ಮಂಥವರ ಮನ್ಯಾಗ ಅದರ ಹೆಸರು ಯಾಕ್ರಿ?"

ಆ ಮಾತು ನಮ್ಮ ತಲೆಯಲ್ಲಿ ಬಹಳ ದಿನ ಉಳಿಯಿತು. ಅವರು ತಪ್ಪು ಹೇಳಿದರು ಎನ್ನಲು ನಮಗೆ ಬಾಯಿ ಬರಲಿಲ್ಲ, ಯಾಕೆಂದರೆ ಅದು ಅವರೊಬ್ಬರ ಮಾತಲ್ಲ. ಅದರ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಆ ಇತಿಹಾಸವನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ರೈಫಲ್ ಎಂದರೇನು ಎಂಬುದನ್ನು ನೋಡೋಣ. ನಮ್ಮ ಮಕ್ಕಳು ಪ್ರವಾಸಕ್ಕೆ ವಿಜಯಪುರಕ್ಕೆ ಹೋದಾಗ ಮಲಿಕ್-ಎ-ಮೈದಾನ್ ತೋಪು ನೋಡಿ ಬರುತ್ತಾರೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ತೋಪು ಅದು. ಅದರ ಬಾಯಿ ಎಷ್ಟು ದೊಡ್ಡದಿದ್ದರೂ ಒಳಗೆ ನುಣುಪು. ಹಳೆಯ ಕಾಲದ ಕೋವಿಗಳ ನಳಿಗೆಯೂ ಹಾಗೆಯೇ ನುಣುಪಾಗಿತ್ತು. ನುಣುಪು ನಳಿಗೆಯಿಂದ ಹೊರಟ ಗುಂಡು ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತದೆ. ನೂರು ಗಜ ದಾಟಿದರೆ ಅದು ಒಬ್ಬ ಮನುಷ್ಯನಿಗೆ ತಾಗುವುದು ಅದೃಷ್ಟದ ಮಾತಾಗಿತ್ತು. 15ನೆಯ ಶತಮಾನದ ಕೊನೆಯ ಹೊತ್ತಿಗೆ ಜರ್ಮನ್ ನಾಡಿನ ಕುಶಲಕರ್ಮಿಗಳು ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೀರು ಕೊರೆಯಲು ಕಲಿತರು. ಆ ಗೀರಿನಲ್ಲಿ ಸಿಕ್ಕಿದ ಗುಂಡು ತಿರುಗುತ್ತಾ ಹೊರಬರುತ್ತದೆ. ಜಾಳಿಗೆ ಸುತ್ತಿ ಬಿಟ್ಟ ಬುಗುರಿ ತಿರುಗುವವರೆಗೆ ನೆಟ್ಟಗೆ ನಿಲ್ಲುತ್ತದಲ್ಲವೇ? ಗುಂಡು ಕೂಡ ತಿರುಗುವುದರಿಂದಲೇ ನೆಟ್ಟಗೆ ಸಾಗುತ್ತದೆ. ಆ ಗೀರು ಕೊರೆಯುವುದಕ್ಕೆ ರೈಫ್ಲಿಂಗ್ ಎಂದು ಹೆಸರು. ರೈಫಲ್ ಎಂಬ ಹೆಸರು ಬಂದದ್ದೂ ಅದರಿಂದಲೇ.

ಆದರೆ ಗೀರು ಇರುವ ನಳಿಗೆಗೆ ಬಾಯಿಂದ ಗುಂಡು ತುಂಬುವುದು ಕಷ್ಟ. ಹಾಗಾಗಿ ಬಹಳ ಕಾಲ ರೈಫಲ್ಲು ಬೇಟೆಗಾರರ ಕೈಯಲ್ಲೇ ಉಳಿಯಿತು. ಫ್ರಾನ್ಸಿನ ಮಿನಿಯೆ ಎಂಬ ಸೇನಾಧಿಕಾರಿ 1849ರ ಹೊತ್ತಿಗೆ ಹೊಸ ಬಗೆಯ ಗುಂಡು ಮಾಡಿದ. ಅದು ಸಲೀಸಾಗಿ ಒಳಗೆ ಇಳಿಯುತ್ತಿತ್ತು, ಸಿಡಿದಾಗ ಬುಡ ಹಿಗ್ಗಿ ಗೀರಿಗೆ ಕಚ್ಚಿಕೊಳ್ಳುತ್ತಿತ್ತು. ಅದೇ ತತ್ವದ ಮೇಲೆ ಇಂಗ್ಲಿಷರು 1853ರ ಎನ್‌ಫೀಲ್ಡ್ ರೈಫಲ್ ಮಾಡಿದರು. ಆ ಹೆಸರು ನಮ್ಮ ಇತಿಹಾಸದ ಪುಸ್ತಕದಲ್ಲಿ ಮಕ್ಕಳಿಗೆ ಪರಿಚಿತ. ಅದರ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಹಬ್ಬಿ 1857ರ ಸಿಡಿಲು ಹೊಡೆಯಿತು.

ಇಲ್ಲಿಗೆ ಬಂದಾಗ ನಾವು ಪಾಠಪುಸ್ತಕ ಮುಚ್ಚಿ ನಮ್ಮ ಸೀಮೆಯ ಕಥೆ ಹೇಳುತ್ತೇವೆ. ನಮ್ಮ ಅಕ್ಕಲಕೋಟದಿಂದ ದಕ್ಷಿಣಕ್ಕೆ ವಿಜಯಪುರ ದಾಟಿ ಹೋದರೆ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕು ಸಿಗುತ್ತದೆ. ಅಲ್ಲಿ ಹಲಗಲಿ ಎಂಬ ಊರು. 1857ರಲ್ಲಿ ಕಂಪನಿ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಹಲಗಲಿಯ ಬೇಡರಿಗೆ ಕತ್ತಿ ಕೋವಿಗಳೇ ಬಾಳುವೆ, ಅವೇ ಮರ್ಯಾದೆ. ಅವರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಇಂಗ್ಲಿಷ್ ಪಡೆ ಊರನ್ನು ಮುತ್ತಿತು, ಬೆಂಕಿ ಹಚ್ಚಿತು. ಡಿಸೆಂಬರ್ ತಿಂಗಳಲ್ಲಿ ಸೆರೆ ಸಿಕ್ಕವರನ್ನು ಮುಧೋಳದಲ್ಲಿ ಮತ್ತು ಹಲಗಲಿಯಲ್ಲಿ ಗಲ್ಲಿಗೆ ಹಾಕಿದರು. ಜಡಗ, ಬಾಲ ಮೊದಲಾದವರ ಹೆಸರು ಲಾವಣಿಯಲ್ಲಿ ಉಳಿಯಿತು. ಆ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವರು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದನ್ನೂ ಮರೆಯಬಾರದು.

1878ರಲ್ಲಿ ವೈಸರಾಯ್ ಲಾರ್ಡ್ ಲಿಟನ್ ಕಾಲದಲ್ಲಿ ಶಸ್ತ್ರ ಕಾಯ್ದೆ ಬಂತು. ಪರವಾನಗಿ ಇಲ್ಲದೆ ಭಾರತೀಯರು ಆಯುಧ ಇಟ್ಟುಕೊಳ್ಳುವಂತಿಲ್ಲ, ಯುರೋಪಿಯನ್ನರಿಗೆ ವಿನಾಯಿತಿ. 1887ರ ಮದ್ರಾಸ್ ಅಧಿವೇಶನದಲ್ಲೇ ಕಾಂಗ್ರೆಸ್ ಈ ಕಾಯ್ದೆಯ ವಿಷಯ ಎತ್ತಿತು. 1931ರ ಕರಾಚಿ ಅಧಿವೇಶನದ ಹಕ್ಕುಗಳ ಪಟ್ಟಿಯಲ್ಲಿ ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಕೊನೆಗೆ ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯ್ದೆ ಆ ಹಳೆಯ ಕಾಯ್ದೆಯನ್ನು ತೆಗೆದುಹಾಕಿತು. ಲೆಕ್ಕ ಹಾಕಿದರೆ ಎಂಬತ್ತೊಂದು ವರ್ಷ. ಈ ಅವಧಿಯಲ್ಲಿ ಬಂದೂಕು ಹಿಡಿದವರು ಯಾರು? ಸಾಹೇಬರು, ಸಂಸ್ಥಾನಿಕರು, ಸಿಪಾಯಿಗಳು, ಕದ್ದು ಇಟ್ಟುಕೊಂಡವರು. ನಮ್ಮ ಹುಡುಗಿಯ ಅಪ್ಪ "ಸಾಹೇಬರದು, ಇಲ್ಲಾ ಕಳ್ಳರದು" ಎಂದದ್ದು ಈ ಎಂಬತ್ತೊಂದು ವರ್ಷದ ಸಾರಾಂಶವೇ ಆಗಿದೆ. ನಮ್ಮೂರ ಹಿರಿಯರಿಗೆ ಬಂದೂಕು ಕಂಡದ್ದು ಎಲ್ಲಿ? ಸಂಸ್ಥಾನದ ಶಸ್ತ್ರಾಗಾರದಲ್ಲಿ, ಗಾಜಿನ ಆಚೆ.

ಕನ್ನಡ ನಾಡಿನಲ್ಲಿ ಒಂದು ಅಪವಾದ ಮಾತ್ರ ಇತ್ತು. ಕೊಡಗಿನ ಜನರಿಗೆ 1861ರಲ್ಲಿ ಸಿಕ್ಕ ವಿನಾಯಿತಿ ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಪೂಜೆ ಮಾಡುತ್ತಾರೆ, ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಆಡುತ್ತಾರೆ. ಹೆಣ್ಣುಮಕ್ಕಳೂ ಹೊಡೆಯುತ್ತಾರೆ. ಕೋವಿ ಮನೆಯೊಳಗಿನ ವಸ್ತುವಾಗಿ ಉಳಿದ ಕಡೆ ಅದರ ಬಗ್ಗೆ ಭಯವೂ ಇಲ್ಲ, ಹುಚ್ಚು ಮೋಹವೂ ಇಲ್ಲ, ಗೌರವ ಇದೆ. ಇದನ್ನು ನಾವು ಗಮನಿಸಬೇಕು.

ಇನ್ನು ಇದು ಆಟವಾದದ್ದು ಹೇಗೆ? ಇಂಗ್ಲೆಂಡಿನಲ್ಲಿ 1859ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿತು. ಮರುವರ್ಷ ವಿಂಬಲ್ಡನ್ನಿನ ಮೊದಲ ಕೂಟದಲ್ಲಿ ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿದಳು. ರೈಫಲ್ಲನ್ನು ಮೊದಲೇ ಗುರಿಗೆ ಹೊಂದಿಸಿ ಕಬ್ಬಿಣದ ಆಸರೆಯಲ್ಲಿ ಬಿಗಿದಿದ್ದರು, ರಾಣಿ ದಾರ ಎಳೆದಳು ಅಷ್ಟೇ! ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಒಂದು ಕಡೆ ಹಲಗಲಿಯಲ್ಲಿ ಕೋವಿ ಕೊಡದವರಿಗೆ ಗಲ್ಲು, ಮೂರು ವರ್ಷಕ್ಕೆ ಇನ್ನೊಂದು ಕಡೆ ರಾಣಿಯ ಕೈಯಿಂದ ರೈಫಲ್ ಕ್ರೀಡೆಯ ಉದ್ಘಾಟನೆ. ಎರಡೂ ಒಂದೇ ಆಳ್ವಿಕೆಯ ಎರಡು ಮುಖಗಳು.

1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲೇ ಶೂಟಿಂಗ್ ಇತ್ತು. ಆದರೆ ಅದು ಬಹುಕಾಲ ಸೈನಿಕರ, ಸಿರಿವಂತರ, ಗಂಡಸರ ಆಟವಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಗಂಡಸರ ಜೊತೆಗೇ ಸ್ಪರ್ಧಿಸಿದ ಅಮೆರಿಕದ ಮಾರ್ಗರೆಟ್ ಮರ್ಡಾಕ್ ತನ್ನ ದೇಶದವನೇ ಆದ ಲ್ಯಾನಿ ಬಾಶಮ್ ಗಳಿಸಿದಷ್ಟೇ ಅಂಕ ಗಳಿಸಿದಳು. ಗುರಿ ಕಾಗದಗಳನ್ನು ಮತ್ತೆ ಪರಿಶೀಲಿಸಿ ಬಾಶಮ್‌ಗೆ ಚಿನ್ನ, ಅವಳಿಗೆ ಬೆಳ್ಳಿ ಎಂದು ತೀರ್ಮಾನವಾಯಿತು. ರಾಷ್ಟ್ರಗೀತೆ ಮೊಳಗುವಾಗ ಬಾಶಮ್ ಅವಳನ್ನು ಕೈ ಹಿಡಿದು ತನ್ನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡ. 1984ರಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆಗಳು ಬಂದವು. ಅದೇ ವರ್ಷ 10 ಮೀಟರ್ ಏರ್ ರೈಫಲ್ ಸ್ಪರ್ಧೆಯೂ ಒಲಿಂಪಿಕ್ಸಿಗೆ ಬಂತು. ಮದ್ದು ಬೇಡ, ಸಿಡಿತ ಬೇಡ, ದೊಡ್ಡ ಮೈದಾನ ಬೇಡ, ಹತ್ತು ಮೀಟರ್ ಕೋಣೆ ಸಾಕು. ಬಡವರ ಮಕ್ಕಳಿಗೆ ಬಾಗಿಲು ತೆರೆದದ್ದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಭಾರತದಲ್ಲಿ ಎರಡು ಸಂಸ್ಥೆಗಳು ಈ ಕೆಲಸ ಮಾಡಿದವು. ಒಂದು, 1948ರಲ್ಲಿ ಆರಂಭವಾದ ಎನ್.ಸಿ.ಸಿ. ಇನ್ನೊಂದು, 1951ರಲ್ಲಿ ಹುಟ್ಟಿದ ಭಾರತ ರಾಷ್ಟ್ರೀಯ ರೈಫಲ್ ಸಂಘ. ಮುಂದೆ ಲೋಕಸಭೆಯ ಮೊದಲ ಸಭಾಪತಿಗಳಾದ ಜಿ.ವಿ. ಮಾವಳಂಕರ ಅವರೇ ಅದರ ಮೊದಲ ಅಧ್ಯಕ್ಷರು. ಅವರ ಹೆಸರಿನ ಅಖಿಲ ಭಾರತ ಸ್ಪರ್ಧೆ ಇಂದಿಗೂ ಹೊಸಬರು ಏರಬೇಕಾದ ಮೆಟ್ಟಿಲು. 1952ರ ಹೆಲ್ಸಿಂಕಿಯಲ್ಲಿ ಹರಿಹರ ಬ್ಯಾನರ್ಜಿಯವರು ಭಾರತದ ಪರ ರೈಫಲ್ ಹಿಡಿದರು. ಬಿಕಾನೇರಿನ ಮಹಾರಾಜ ಕರ್ಣೀ ಸಿಂಗ್ ಐದು ಒಲಿಂಪಿಕ್ಸುಗಳಲ್ಲಿ ಮಣ್ಣಿನ ತಟ್ಟೆ ಹೊಡೆಯುವ ಸ್ಪರ್ಧೆಯಲ್ಲಿ ಭಾಗವಹಿಸಿದರು. ಅಲ್ಲಿಯವರೆಗೂ ಇದು ಅರಮನೆಯ ಆಟವೇ.

ಬದಲಾವಣೆ ಬಂದದ್ದು ನಮ್ಮ ಮಹಾರಾಷ್ಟ್ರದ ಹೆಣ್ಣುಮಕ್ಕಳಿಂದ. ಮುಂಬಯಿಯ ಕೀರ್ತಿ ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ರೈಫಲ್ ಹಿಡಿದ ಅಂಜಲಿ ಭಾಗವತ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಫೈನಲ್ ತಲುಪಿದರು. ಅವರ ನಂತರ 2004ರ ಅಥೆನ್ಸಿನಲ್ಲಿ ಫೈನಲ್ ತಲುಪಿದವರು ಸುಮಾ ಶಿರೂರ. ಇವರು ಹುಟ್ಟಿದ್ದು ಕರ್ನಾಟಕದ ಚಿಕ್ಕಬಳ್ಳಾಪುರದಲ್ಲಿ, ಬೆಳೆದು ಹೆಸರು ಮಾಡಿದ್ದು ಮುಂಬಯಿ ಕಡೆ. ಅದೇ ವರ್ಷ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಅವರು 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿದರು. ನಲವತ್ತು ಗುಂಡು, ನಲವತ್ತೂ ಹತ್ತಕ್ಕೆ! ಕೊಲ್ಹಾಪುರದ ತೇಜಸ್ವಿನಿ ಸಾವಂತ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಈ ನಡುವೆ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಗಳಿಸಿ ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದರು. ಸುಮಾ ಅವರ ಶಿಷ್ಯೆ ಅವನಿ ಲೇಖರಾ ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಹುಡುಗಿ. ಗಾಲಿಕುರ್ಚಿಯಲ್ಲಿ ಕುಳಿತೇ ಟೋಕಿಯೋ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸುಗಳೆರಡರಲ್ಲೂ ಚಿನ್ನ ಗೆದ್ದಳು. ಸ್ವಪ್ನಿಲ್ ಅವರಿಗೆ ಗುರುವಾಗಿ ನಿಂತವರು ಅಂಜಲಿಯವರ ಕಾಲದ ಇನ್ನೊಬ್ಬ ಒಲಿಂಪಿಯನ್ ದೀಪಾಲಿ ದೇಶಪಾಂಡೆ. ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ದಾಟುತ್ತಾ ಅರಮನೆಯ ಆಟ ಕಾಂಬಳವಾಡಿಯ ಮೇಷ್ಟ್ರ ಮನೆಗೆ ಬಂತು. ಸ್ವಪ್ನಿಲ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸ ಮಾಡುತ್ತಲೇ ಪ್ಯಾರಿಸ್‌ವರೆಗೆ ಹೋದರು.

ಹಾಗಾದರೆ ಹೊಸದಾಗಿ ಕಲಿಯುವವರು ಏನು ತಿಳಿದಿರಬೇಕು? ನಮ್ಮದು ಎನ್.ಸಿ.ಸಿ. ಕ್ಯಾಂಪಿನ ಅನುಭವ ಅಷ್ಟೇ. ಬಿ.ಎ. ಓದುವಾಗ ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಕೆಲವು ಗುಂಡು ಹೊಡೆದಿದ್ದೇವೆ. ಮೊದಲ ದಿನ ನಮ್ಮ ಗುಂಡು ಪಕ್ಕದವನ ಗುರಿಕಾಗದದಲ್ಲಿ ಸಿಕ್ಕಿತು! ಉಸ್ತಾದರು ಬೈಯಲಿಲ್ಲ, "ಉಸಿರಿನ ಮ್ಯಾಲ ಹೊಡದೀಯಪ್ಪ" ಎಂದರು. ಅದರ ಅರ್ಥ ತಿಳಿಯಲು ನಮಗೆ ಮೂರು ದಿನ ಬೇಕಾಯಿತು.

ಅರ್ಥ ಇಷ್ಟೇ. ಎದೆ ಏರಿಳಿದರೆ ನಳಿಗೆಯ ತುದಿಯೂ ಏರಿಳಿಯುತ್ತದೆ. ಉಸಿರು ಅರ್ಧ ಬಿಟ್ಟು ಕೆಲವು ಕ್ಷಣ ಹಿಡಿಯಬೇಕು. ಅಷ್ಟರೊಳಗೆ ಗುರಿ ಕೂಡದಿದ್ದರೆ ರೈಫಲ್ ಇಳಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಟ ಮಾಡಿ ಹಿಡಿದರೆ ಕಣ್ಣು ಮಂಜಾಗುತ್ತದೆ. ರೈಫಲ್ಲಿನ ಭಾರ ತೋಳಿನ ಬಲದ ಮೇಲೆ ನಿಲ್ಲಬಾರದು, ಎಲುಬಿನ ಆಸರೆಯ ಮೇಲೆ ನಿಲ್ಲಬೇಕು. ಅದಕ್ಕೇ ನಿಂತು ಹೊಡೆಯುವವರು ಎಡ ಮೊಣಕೈಯನ್ನು ಪಕ್ಕೆಗೆ, ಸೊಂಟಕ್ಕೆ ಒರಗಿಸುತ್ತಾರೆ. ಟ್ರಿಗರ್ ಎಳೆಯಬಾರದು, ಒಂದೇ ಸಮನೆ ಒತ್ತಬೇಕು. ಗುಂಡು ಹೋದ ಮೇಲೂ ಒಂದೆರಡು ಕ್ಷಣ ಹಾಗೆಯೇ ಗುರಿ ನೋಡುತ್ತಿರಬೇಕು. ನೋಡೋಣ ಎಲ್ಲಿ ಬಿತ್ತು ಎಂದು ತಲೆ ಎತ್ತುವ ಆತುರವೇ ಹೊಸಬರ ದೊಡ್ಡ ಶತ್ರು.

10 ಮೀಟರ್ ಏರ್ ರೈಫಲ್ಲಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಹೊಡೆಯುವ ಸೀಸದ ಗುಂಡು 4.5 ಮಿಲಿಮೀಟರ್. ಅಂದರೆ ಗುಂಡಿಗಿಂತ ಗುರಿಯೇ ಸಣ್ಣದು! ರೈಫಲ್ 5.5 ಕಿಲೋ ಮೀರಬಾರದು. ಅರುವತ್ತು ಗುಂಡುಗಳಿಗೆ ಒಂದು ಗಂಟೆ ಹದಿನೈದು ನಿಮಿಷ. ಒಂದು ಗುಂಡಿಗೆ ಹೆಚ್ಚೆಂದರೆ 10.9 ಅಂಕ. ಜಾತ್ರೆಯ ಪುಗ್ಗಾ ಅಂಗಡಿಯ ಬಂದೂಕಿನಲ್ಲಿ ಸ್ಪ್ರಿಂಗ್ ಗಾಳಿಯನ್ನು ತಳ್ಳುತ್ತದೆ, ಸ್ಪರ್ಧೆಯ ರೈಫಲ್ಲಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುತ್ತದೆ. ನಮ್ಮ ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಇದು: ಜಾತಿ ಒಂದೇ, ಸಂಸ್ಕಾರ ಬೇರೆ.

ಕೊಳ್ಳುವ ಆತುರ ಬೇಡ. ಸ್ಪರ್ಧೆಯ ಒಳ್ಳೆಯ ರೈಫಲ್ಲಿಗೆ ಲಕ್ಷಗಟ್ಟಲೆ ಹಣ ಬೇಕು. ಆದರೆ ತರಬೇತಿ ಕೇಂದ್ರಗಳಲ್ಲಿ ಅವರದ್ದೇ ರೈಫಲ್ಲಿನಲ್ಲಿ ಕಲಿಯಬಹುದು. ಶಾಲಾ ಕ್ರೀಡಾಕೂಟಗಳಲ್ಲೂ ಶೂಟಿಂಗ್ ಇದೆ, ಎನ್.ಸಿ.ಸಿ. ಇರುವ ಶಾಲೆ ಕಾಲೇಜುಗಳಲ್ಲಿ ಅದರ ದಾರಿಯೂ ಇದೆ. ಸರಕಾರದ ಕ್ರೀಡಾ ಪ್ರಬೋಧಿನಿಯಿಂದಲೇ ಸ್ವಪ್ನಿಲ್ ಮುಂದೆ ಬಂದದ್ದು.

ಸುರಕ್ಷತೆಯ ಮಾತು ಕೊನೆಗೆ ಹೇಳುತ್ತಿದ್ದರೂ ಅದೇ ಮೊದಲು. ಬಂದೂಕು ಖಾಲಿ ಇದ್ದರೂ ತುಂಬಿದೆ ಎಂದೇ ತಿಳಿಯಬೇಕು. ನಳಿಗೆಯ ಬಾಯಿ ಯಾವ ಕಾಲಕ್ಕೂ ಮನುಷ್ಯರ ಕಡೆ ತಿರುಗಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಗುಂಡು ಸೀಸದ್ದಾದ ಕಾರಣ ಆಮೇಲೆ ಕೈ ತೊಳೆಯದೆ ಬುತ್ತಿ ಬಿಚ್ಚಬಾರದು. ಇನ್ನೊಂದು ಮಾತು: ಏರ್‌ಗನ್ ಹಿಡಿದು ಹಕ್ಕಿ ಹೊಡೆಯುವುದು ಕ್ರೀಡೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧವೂ ಆಗುತ್ತದೆ. ನಮ್ಮ ಅಜ್ಜಂದಿರು ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕವಣಿ ಬೀಸುತ್ತಿದ್ದುದು ಹಕ್ಕಿಯನ್ನು ಏಳಿಸಲಿಕ್ಕೆ, ಕೊಲ್ಲಲಿಕ್ಕೆ ಅಲ್ಲ.

ಈ ಎಲ್ಲ ಮಾತುಗಳನ್ನು ನಾವು ಹುಡುಗಿಯ ಅಪ್ಪನಿಗೂ ಹೇಳಿದೆವು, ಒಂದೇ ದಿನ ಅಲ್ಲ, ಎರಡು ಮೂರು ಸಲ. ಅವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಲಿಲ್ಲ. ಬಂದೂಕಿನಿಂದ ಮನೆ ಹಾಳಾದದ್ದನ್ನು ಜನ ಕಂಡಿದ್ದಾರೆ. ಹೆಣ್ಣುಮಗಳನ್ನು ಊರಿನಿಂದ ಊರಿಗೆ ಕಳಿಸುವ ಚಿಂತೆ ಬೇರೆ. ಹಲಗಲಿಯ ಕಥೆ ಕೇಳಿದಾಗ ಅವರು ಸುಮ್ಮನೆ ಕುಳಿತರು. ಆಮೇಲೆ ಕೇಳಿದರು: "ಮತ್ತ ಅವರು ಸತ್ತದ್ದು ಹೊಡಿಯಾಕಲ್ಲ, ಇಟ್ಕೊಳ್ಳಾಕ ಅಂದಂಗಾತಲ್ರಿ?" ನಾವು ಹೌದು ಎಂದೆವು.

ಮೊದಲು ಅವಳಿಗೆ ನಾವು ಕೊಟ್ಟದ್ದು ರೈಫಲ್ ಅಲ್ಲ, ಬಡಿಗನಿಂದ ಮಾಡಿಸಿದ ಕಟ್ಟಿಗೆಯ ತುಂಡು. ಅದರ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಬೀಳದಂತೆ ನಿಲ್ಲುವ ಅಭ್ಯಾಸ. ಕ್ಯಾಂಪಿನಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ಮೊದಲ ವಾರ ನಾಣ್ಯ ಬೀಳುವ ಸಪ್ಪಳವೇ ಸಪ್ಪಳ. ತಿಂಗಳು ಕಳೆಯುವಷ್ಟರಲ್ಲಿ ಅವಳು ನೂರು ಎಣಿಸುವವರೆಗೆ ನಿಲ್ಲುತ್ತಿದ್ದಳು. ಗಣಿತದ ಪಾಠದಲ್ಲೂ ಅವಳ ಚಡಪಡಿಕೆ ಕಡಿಮೆಯಾದದ್ದನ್ನು ನಮ್ಮ ಶಾಲೆಯ ಅಕ್ಕೋರು ಗುರುತಿಸಿದರು.

ಮರುವರ್ಷ ಅವಳು ಸೊಲ್ಲಾಪುರದ ಕಡೆ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಹೆಸರು ಹಚ್ಚಿದಳು. ಅಪ್ಪನೇ ಎಸ್.ಟಿ. ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ಈಗ ರವಿವಾರಕ್ಕೊಮ್ಮೆ ಹೋಗುತ್ತಾಳೆ. ಪದಕದ ಮಾತು ಇನ್ನೂ ಬಹಳ ದೂರ, ಬಸ್ ಚಾರ್ಜಿನದೇ ದೊಡ್ಡ ಲೆಕ್ಕ. ಆದರೆ ಒಂದು ಸಂಗತಿ ಹೇಳದೆ ಈ ಬರಹ ಮುಗಿಸಲಾರೆವು. ಅಲ್ಲಿಯ ಫಾರ್ಮು ಮರಾಠಿಯಲ್ಲಿತ್ತು. ಅವಳು ಎಲ್ಲವನ್ನೂ ಮರಾಠಿಯಲ್ಲೇ ತುಂಬಿದಳು. ಶಾಲೆಯ ಮಾಧ್ಯಮ ಎಂಬಲ್ಲಿಗೆ ಬಂದಾಗ ಅಪ್ಪ ಮೆಲ್ಲಗೆ, "ಮರಾಠಿ ಅಂತ ಬರಿ, ತಕರಾರು ಬ್ಯಾಡ" ಎಂದರಂತೆ. ಅವಳು "ಕನ್ನಡ" ಎಂದು ಬರೆದು ಸಹಿ ಮಾಡಿದಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ.

ನಿಮ್ಮ ಶಾಲೆಯಲ್ಲೂ ಇಂಥ ಮಕ್ಕಳಿದ್ದರೆ ಅವರಿಗೆ ಹಲಗಲಿಯ ಕಥೆಯನ್ನೂ ಹೇಳಿ, ಕಾಂಬಳವಾಡಿಯ ಕಥೆಯನ್ನೂ ಹೇಳಿ.